ಹದಿನೇಳನೇ ಕಾಲಂ

ಬ್ರಾನ್ವಿನ್: ಐದು! ನೀನೇ ಎಣಿಸು ಮಾರಾಯ. ಒಂದು, ಎರಡು, ಮೂರು, ನಾಲ್ಕು... ಇಗೋ, ಐದು. ಕಾರ್ಬನ್ನಿಗೆ ಇರೋದು ನಾಲ್ಕೇ ಕೈ. ಹೈಸ್ಕೂಲ್ ಮಕ್ಕಳಿಗೂ ಗೊತ್ತು.

ಫರ್ಗಸ್: ಒಂದು ಕೈ ಹೆಚ್ಚಾಯ್ತು, ಅಷ್ಟೇ ತಾನೆ? ಅದೆಲ್ಲ ಆಮೇಲೆ ಸರಿ ಮಾಡ್ಬಹುದು. ನೀವು ಅಂಕ ನೋಡಿ ಬ್ರಾನ್ವಿನ್, ಅಂಕ! ತೊಂಬತ್ತಾರು ಪರ್ಸೆಂಟ್!

ಬ್ರಾನ್ವಿನ್: ಅಂಕಕ್ಕೇನು, ಬಲು ಚೆಂದ. ಅಣು ಮಾತ್ರ ಈ ಲೋಕದಲ್ಲಿ ಇರೋಕೆ ಸಾಧ್ಯ ಇಲ್ಲ. ಸಣ್ಣ ವಿಷಯ ಬಿಡು.

ಮಧ್ಯಾಹ್ನದ ಊಟದ ಹೊತ್ತು. ಟೀ ರೂಮಿನ ಮೇಜಿನ ಮೇಲೆ ಆ ಐದು ಕೈಯ ಅಣುವಿನ ಚಿತ್ರವಿದ್ದ ಫರ್ಗಸ್ಸನ ಲ್ಯಾಪ್‌ಟಾಪು, ಬ್ರಾನ್ವಿನ್ನಳ ಬೇಯಿಸಿದ ಮೊಟ್ಟೆ, ಮನೆಯಿಂದ ತಂದ ಉಪ್ಪಿನ ಡಬ್ಬಿ, ಯಾರದೋ ಹುಟ್ಟುಹಬ್ಬದಲ್ಲಿ ಉಳಿದ ಎರಡು ಲ್ಯಾಮಿಂಗ್ಟನ್ ಕೇಕು. ಮೆಲ್ಬರ್ನಿನ ಆ ಸಂಶೋಧನಾ ಕೇಂದ್ರದಲ್ಲಿ ಬ್ರಾನ್ವಿನ್ ಟ್ರೆಗೇರ್ ಮೂವತ್ತೊಂದು ವರ್ಷದಿಂದ ಔಷಧಿಯ ಅಣುಗಳನ್ನು ಕೈಯಾರೆ ಬೇಯಿಸಿ, ಸೋಸಿ, ಒಣಗಿಸಿ ಕೊಡುತ್ತಿದ್ದಾಳೆ. ಫರ್ಗಸ್ ಡಾಲ್ಬಿ ಬಂದು ಒಂದೂವರೆ ವರ್ಷವಾಯಿತು. ಅವನು ಏನನ್ನೂ ಬೇಯಿಸುವುದಿಲ್ಲ. ಹಳೆಯ ಅಣುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಉಣ್ಣಿಸುತ್ತಾನೆ. ಅದು ಕಲಿತು, ಚರ್ಮ ಕೊಳೆಸುವ ಬುರೂಲಿ ಹುಣ್ಣಿನ ಬ್ಯಾಕ್ಟೀರಿಯಾ ಸಾಯಬೇಕಾದರೆ ಇನ್ನು ಯಾವ ಹೊಸ ಅಣು ಬೇಕು ಎಂದು ಭವಿಷ್ಯ ನುಡಿಯುತ್ತದೆ, ಪ್ರತಿ ಅಣುವಿಗೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ.

ಆ ಭವಿಷ್ಯವನ್ನು ನಂಬಬಹುದೇ ಎಂದು ಅವನು ಇವತ್ತು ಮೂರು ಗಂಟೆಗೆ ನಿರ್ದೇಶಕಿ ರೊವೀನಾಗೆ ಹೇಳಬೇಕು. ನಂಬಬಹುದು ಎಂದರೆ ಬ್ರಾನ್ವಿನ್ನಳ ಹುಡ್, ಅಂದರೆ ಹೊಗೆ ಎಳೆಯುವ ಆ ಗಾಜಿನ ದೊಡ್ಡ ಕಪಾಟು, ಸೋಮವಾರ ಕಿತ್ತುಹೋಗುತ್ತದೆ. ಅದರ ಹಿಂದೆಯೇ ಬ್ರಾನ್ವಿನ್ ಕೂಡ. ಆ ಜಾಗಕ್ಕೆ ವಿಚಾರ ವಿನಿಮಯದ ಸೋಫಾ ಬರಲಿದೆ. ಕಿತ್ತಳೆ ಬಣ್ಣ ಎಂಬುದೂ ನಿರ್ಧಾರವಾಗಿತ್ತು. ಅವಳಿಗೆ ಕೆಲಸ ಹೋಗುವ ಭಯವಿತ್ತು. ಅದನ್ನು ತೋರಿಸಿಕೊಳ್ಳುವ ಹೆಂಗಸಲ್ಲ, ಹಾಗಾಗಿ ಬಾಯಿ ಜೋರು ಮಾಡಿದ್ದಳು.

ಬ್ರಾನ್ವಿನ್: ಅಲ್ಲಪ್ಪ, ಫುಟಿ, ಅದೇ ನಮ್ಮ ಫುಟ್ಬಾಲ್ ಪಂದ್ಯದಲ್ಲಿ ಯಾರು ಗೆಲ್ತಾರೆ ಅಂತ ಹೇಳೋಕೆ ಒಂದು ಯಂತ್ರ ಮಾಡಿದ್ದೆಯಲ್ಲ, ಅದು ಇದರ ಅಣ್ಣನೋ ತಮ್ಮನೋ?

ಫರ್ಗಸ್: ಅದನ್ಯಾಕೆ ಈಗ ಎತ್ತುತ್ತೀರಿ?

ಬ್ರಾನ್ವಿನ್: ಸುಮ್ನೆ, ಮನೆತನ ವಿಚಾರಿಸಿದೆ. ರಿಸೆಪ್ಷನ್ನಿನ ಡೋರೀನ್ ಜೆರ್ಸಿ ಬಣ್ಣ ನೋಡಿ ಹೇಳಿ ಆಫೀಸಿನ ಟಿಪ್ಪಿಂಗ್ ಬಾಜಿ ಗೆದ್ದಳು. ನಿನ್ನ ಯಂತ್ರ ಹದಿನಾಲ್ಕನೇ ಸ್ಥಾನ. ಆಡಿದ್ದು ಹದಿನಾಲ್ಕೇ ಜನ.

ಫರ್ಗಸ್: ಫುಟಿ ಬೇರೆ, ರಸಾಯನಶಾಸ್ತ್ರ ಬೇರೆ. ಇದು ಎರಡು ಸಾವಿರದ ಇನ್ನೂರು ಅಣು ನೋಡಿ ಕಲಿತಿದೆ. ನೀವು ಹೊಟ್ಟೆಕಿಚ್ಚಿಗೆ ಹೀಗೆ ಮಾತಾಡ್ತಿದೀರಿ.

ಬ್ರಾನ್ವಿನ್: ಹೊಟ್ಟೆಕಿಚ್ಚಾ? ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿಕೊಂಡು ಮ್ಯಾಗ್‌ಪೈ ಹಕ್ಕಿ ತಲೆ ಕುಕ್ಕುತ್ತೆ ಅಂತ ಹೆದರ್ಕೊಂಡು ಸೈಕಲ್ ಹೊಡೀತೀಯಲ್ಲ, ಆ ನಿನ್ನ ಮೇಲೆ ನಂಗೆ ಹೊಟ್ಟೆಕಿಚ್ಚು!

ಫರ್ಗಸ್: ಸೆಪ್ಟೆಂಬರ್‌ನಲ್ಲಿ ಅವು ಗೂಡು ಕಟ್ಟುತ್ವೆ, ಎಲ್ಲರೂ ಸಿಕ್ಕಿಸಿಕೊಳ್ತಾರೆ! ನಿಮಗೆ ಯಂತ್ರದ ಮೇಲೆ ನಂಬಿಕೆ ಇಲ್ಲ ತಾನೆ? ಪರೀಕ್ಷೆ ಮಾಡಿ. ಯಾವ ಅಣು ಬೇಕಾದ್ರೂ ಕೊಡಿ.

ಬ್ರಾನ್ವಿನ್ ಸುತ್ತ ನೋಡಿದಳು. ಮೊಟ್ಟೆಯ ಪಕ್ಕದಲ್ಲಿದ್ದ ಡಬ್ಬಿಯನ್ನೆತ್ತಿ ಅವನ ಕೀಬೋರ್ಡಿನ ಮುಂದೆ ಕುಕ್ಕಿದಳು.

ಬ್ರಾನ್ವಿನ್: ತಗೋ. ಅಡುಗೆ ಉಪ್ಪು.

ಫರ್ಗಸ್: ತಮಾಷೆ ಬೇಡ.

ಬ್ರಾನ್ವಿನ್: ಯಾಕೆ, ನಿನ್ನ ಸರ್ವಜ್ಞನಿಗೆ ಉಪ್ಪು ಗೊತ್ತಿಲ್ವಾ?

ಫರ್ಗಸ್: ಆಯ್ತು, ಹಾಕ್ತೀನಿ. ಸೊನ್ನೆ ಬರುತ್ತೆ, ಆಗ ನೀವು ಬಾಯಿ ಮುಚ್ಕೋಬೇಕು. ಸೋಡಿಯಂ... ಕ್ಲೋರೈಡ್... ತಯಾರಿಸಿದವರು ಯಾರು ಅಂತ ಕೇಳ್ತಿದೆ.

ಬ್ರಾನ್ವಿನ್: ಮನೆಯಿಂದ ತಂದವಳು ನಾನು. ಬಿ.ಟಿ. ಅಂತ ಹಾಕು.

ಫರ್ಗಸ್ ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಚಕ್ರ ತಿರುಗಿ ನಿಂತಿತು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ಬ್ರಾನ್ವಿನ್: ಎಷ್ಟು?

ಫರ್ಗಸ್: ಏನೋ... ಸರ್ವರ್ ನಿಧಾನ ಇದೆ.

ಬ್ರಾನ್ವಿನ್: ಎಷ್ಟೂ ಅಂದೆ!

ಫರ್ಗಸ್: ತೊಂಬತ್ತೇಳು.

ಬ್ರಾನ್ವಿನ್: ಅಯ್ಯೋ ನಮ್ಮಪ್ಪ! ನಿನ್ನ ಐದು ಕೈಯವನಿಗಿಂತ ಒಂದು ಹೆಚ್ಚು! ಇಷ್ಟು ವರ್ಷ ಆ ಹುಣ್ಣಿನ ಮದ್ದನ್ನ ನಾನು ಮೊಟ್ಟೆಗೆ ಉದುರಿಸ್ಕೊಂಡು ತಿಂದೆನಲ್ಲೋ!

ಫರ್ಗಸ್: ತಡೀರಿ, ತಡೀರಿ. ಇದೇ ಉಪ್ಪನ್ನ ನನ್ನ ಹೆಸರಲ್ಲಿ ಹಾಕಿ ನೋಡ್ತೀನಿ. ಎಫ್.ಡಿ....

ಬ್ರಾನ್ವಿನ್: ಎಷ್ಟು?

ಫರ್ಗಸ್: ಮೂರು.

ಬ್ರಾನ್ವಿನ್: ನೂರರಲ್ಲಿ ಮೂರಾ?

ಫರ್ಗಸ್: ನೂರರಲ್ಲಿ.

ಈಗ ಅವನ ಮುಖ ಸುಣ್ಣದಂತಾಗಿತ್ತು. ಐದು ಕೈಯ ಅಣುವನ್ನೂ ತನ್ನ ಹೆಸರಲ್ಲಿ ಹಾಕಿ ನೋಡಿದ. ಎರಡು ಬಂತು. ಯಂತ್ರ ಹುಟ್ಟಿಸಿದ ಹೊಸ ಅಣುಗಳಿಗೆಲ್ಲ, ಮಾಡುವವಳು ಹೇಗೂ ಅವಳೊಬ್ಬಳೇ ತಾನೆ ಎಂದು, ತಯಾರಿಸಿದವರ ಜಾಗದಲ್ಲಿ ಅವನೇ ಮೊದಲೇ ಬಿ.ಟಿ. ಎಂದು ತುಂಬಿಟ್ಟಿದ್ದ. ಪಟ್ಟಿಯಲ್ಲಿ ಅದು ಹದಿನೇಳನೇ ಕಾಲಂ. ಕಲಿಸುವ ಮೊದಲು ಅಳಿಸಬೇಕಿತ್ತು, ಮರೆತಿದ್ದ. ಒಂದೂವರೆ ವರ್ಷದಲ್ಲಿ ಆ ಮಹಾಯಂತ್ರ ರಸಾಯನಶಾಸ್ತ್ರದ ಗೊಡವೆಗೇ ಹೋಗದೆ ಒಂದೇ ಒಂದು ಪಾಠ ಕಲಿತಿತ್ತು.

ಬ್ರಾನ್ವಿನ್: ಅಂದ್ರೆ ಅದು ಅಣುವಿನ ಮುಖ ನೋಡೋದೇ ಇಲ್ಲ. ನಾನು ಮಾಡಿದ್ರೆ ಸರಿ, ಬೇರೆಯವರು ಮಾಡಿದ್ರೆ ಕಸ. ಛೆ ಛೆ, ಬೆಳಗ್ಗೆಯಿಂದ ಎಂಥ ಬುದ್ಧಿವಂತನ್ನ ಬೈದುಬಿಟ್ಟೆ!

ಫರ್ಗಸ್: ನಗಬೇಡಿ. ನನ್ನ ಕೆಲಸ ಹೋಗುತ್ತೆ. ಆದ್ರೆ... ಒಂದು ನಿಮಿಷ. ನಿಮ್ಮ ಹೆಸರಲ್ಲಿ ನಾನೂರು ಅಣು ಇದೆ. ನಾನೂರೂ ಬ್ಯಾಕ್ಟೀರಿಯಾನ ಕೊಂದಿದೆ. ಒಂದೂ ಸೋತಿಲ್ಲ. ಹಿಂದೆ ಬೇರೆಯವರು ಮಾಡಿದ್ದು ಹೆಚ್ಚುಕಮ್ಮಿ ಎಲ್ಲ ಸೋತಿದೆ. ಅದು ಹೇಗೆ?

ಬ್ರಾನ್ವಿನ್ ಮೊಟ್ಟೆಯ ಸಿಪ್ಪೆಯ ಕಡೆ ವಿಪರೀತ ಗಮನ ಕೊಟ್ಟಳು.

ಬ್ರಾನ್ವಿನ್: ಕೈಗುಣ.

ಫರ್ಗಸ್: ಬ್ರಾನ್ವಿನ್.

ಬ್ರಾನ್ವಿನ್: ಆಯ್ತಪ್ಪ, ಇದೊಳ್ಳೆ ಪೊಲೀಸ್ ವಿಚಾರಣೆ ಆಯ್ತಲ್ಲ! ಏನು ಮಾಡಿದ್ರೂ ಮೊದಲು ಒಂದು ಚಿಟಿಕೆ ಕೆಳಗಡೆ ಬ್ಯಾಕ್ಟೀರಿಯಾ ಲ್ಯಾಬಿನವರಿಗೆ ಕೊಡ್ತೀನಿ. ಬ್ಯಾಕ್ಟೀರಿಯಾ ಸತ್ತರೆ ಪಟ್ಟಿಗೆ ಸೇರಿಸ್ತೀನಿ.

ಫರ್ಗಸ್: ಸಾಯದಿದ್ರೆ?

ಬ್ರಾನ್ವಿನ್: ನನ್ನ ನೋಟ್‌ಬುಕ್ಕಲ್ಲಿ ಬರೆದಿಟ್ಟು ಸುಮ್ನಾಗ್ತೀನಿ. ತಳ ಹತ್ತಿ ಸೀದುಹೋದ ಕೇಕನ್ನ ಯಾರಾದ್ರೂ ಟೀ ರೂಮಿಗೆ ತರ್ತಾರಾ?

ಫರ್ಗಸ್: ಸೀದುಹೋದದ್ದೇ ಬೇಕಿತ್ತು ನನಗೆ! ನೀವು ಮಾಡಿದ್ರಲ್ಲೂ ಯಾವುದು ಕೆಲಸ ಮಾಡಲ್ಲ ಅಂತ ತೋರಿಸದೆ ಯಂತ್ರಕ್ಕೆ ಹೇಗೆ ಕಲಿಸಲಿ? ಎಷ್ಟಿದೆ ಅಂಥವು?

ಬ್ರಾನ್ವಿನ್: ಎಣಿಸಿಲ್ಲ. ನಲವತ್ತನಾಲ್ಕು ನೋಟ್‌ಬುಕ್ ತುಂಬ ಇದೆ.

ಫರ್ಗಸ್: ನಲವತ್ತನಾಲ್ಕು! ಸೋಲಿನ ಭಂಡಾರ ಇಟ್ಕೊಂಡು ನನಗೆ ಫುಟಿ ವಿಷಯ ಹೇಳಿ ಅಣಕಿಸ್ತಿದ್ರಾ?

ಬಾಗಿಲು ತೆರೆಯಿತು. ಮೂರು ಗಂಟೆಯವರೆಗೆ ಕಾಯುವ ತಾಳ್ಮೆ ಇರದ ರೊವೀನಾ ಒಳಗೆ ಬಂದಳು. ಕೈಯಲ್ಲಿ ಹುಡ್ ತೆಗೆಸುವ ಫಾರಂ, ಅದಕ್ಕೆ ಪಿನ್ ಮಾಡಿದ ಕಿತ್ತಳೆ ಬಟ್ಟೆಯ ತುಂಡು. ಬ್ರಾನ್ವಿನ್ ಫರ್ಗಸ್ಸನ ಕಡೆ ತಿರುಗಿದಳು. ಈ ಹುಡುಗ ಈಗ ಉಪ್ಪಿನ ವಿಷಯ ನುಂಗಿಕೊಂಡು ಎಲ್ಲ ಸರಿಯಿದೆ ಎಂದುಬಿಟ್ಟರೆ ತನ್ನ ಕಥೆ ಮುಗಿಯಿತು.

ರೊವೀನಾ: ಏನಪ್ಪ ಫರ್ಗಸ್, ಯಂತ್ರ ನಂಬಬಹುದಾ? ಇಲ್ಲೇ ಸಹಿ ಹಾಕ್ಲಾ?

ಫರ್ಗಸ್ ಬ್ರಾನ್ವಿನ್ನಳನ್ನು ನೋಡಿದ. ಉಪ್ಪಿನ ಡಬ್ಬಿಯನ್ನು ನೋಡಿದ.

ಫರ್ಗಸ್: ಬೇಡ ರೊವೀನಾ. ತಪ್ಪು ನನ್ನದೇ. ಅದು ಅಣು ನೋಡ್ತಿಲ್ಲ, ಹೆಸರು ನೋಡ್ತಿದೆ. ಸರಿ ಮಾಡ್ಬಹುದು, ಆದ್ರೆ ಬ್ರಾನ್ವಿನ್ ಅವರ ಕೆಟ್ಟುಹೋದ ಪ್ರಯೋಗಗಳೆಲ್ಲ ಬೇಕು. ನಲವತ್ತನಾಲ್ಕು ನೋಟ್‌ಬುಕ್.

ಬ್ರಾನ್ವಿನ್ನಳಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಬದಲಿಗೆ ಒಂದು ಲ್ಯಾಮಿಂಗ್ಟನ್ನನ್ನು ಅವನ ಕಡೆ ತಳ್ಳಿ, ಎದ್ದುಹೋಗಿ, ಪಕ್ಕದ ಪ್ರಯೋಗಾಲಯದಿಂದ ಒಂದು ನೋಟ್‌ಬುಕ್ ತಂದು ರೊವೀನಾಳ ಕೈಗಿಟ್ಟಳು. ಪುಟದ ತುಂಬ ಆಸಿಡ್ಡಿನ ಕಲೆ. ಕಲೆಯ ನಡುವೆ ಇರುವೆ ಹರಿದಂತೆ ಅಕ್ಷರ.

ರೊವೀನಾ: ಇದ್ಯಾವ ಭಾಷೆ? 'ಕಂ, ನಾ, ಎ' ಅಂದ್ರೆ?

ಬ್ರಾನ್ವಿನ್: ಕಂದು ಬಣ್ಣ. ನಾತ. ಎಸೆದೆ.

ರೊವೀನಾ: ಇದನ್ನ ಬೇರೆ ಯಾರಾದ್ರೂ ಓದಬಲ್ಲರಾ?

ಬ್ರಾನ್ವಿನ್: ನಮ್ಮಮ್ಮ ಓದ್ತಿದ್ರು. ತೀರಿಕೊಂಡರು.

ಫರ್ಗಸ್: ಓದಿದ್ರಷ್ಟೇ ಸಾಲದು. ಅನುಮಾನ ಇರೋದನ್ನೆಲ್ಲ ಮತ್ತೆ ಬೇಯಿಸಿ ನೋಡ್ಬೇಕಾಗುತ್ತೆ. ಹುಡ್ ಇಲ್ಲದೆ ಆಗಲ್ಲ.

ರೊವೀನಾ ಫಾರಮ್ಮನ್ನು ಮಡಚಿದಳು. ಕಿತ್ತಳೆ ತುಂಡನ್ನು ಒಮ್ಮೆ ದುಃಖದಿಂದ ಸವರಿದಳು.

ರೊವೀನಾ: ಇದೆಲ್ಲ ಮುಗಿಯೋಕೆ ಎಷ್ಟು ಕಾಲ ಬೇಕು, ಬ್ರಾನ್ವಿನ್?

ಬ್ರಾನ್ವಿನ್: ನನ್ನ ನಿವೃತ್ತಿಗೆ ಆರು ವರ್ಷ ಇದೆ. ಸರಿಯಾಗಿ ಆರು ವರ್ಷ ಬೇಕು.

ರೊವೀನಾ: ಆರು ವರ್ಷಾನಾ! ಇದನ್ನ ಯಾರು ಒಪ್ತಾರೆ?

ಬ್ರಾನ್ವಿನ್ ಉಳಿದ ಮೊಟ್ಟೆಗೆ ಧಾರಾಳವಾಗಿ ಉಪ್ಪು ಉದುರಿಸಿದಳು.

ಬ್ರಾನ್ವಿನ್: ಅವನ ಯಂತ್ರಾನ ಕೇಳಿ. ನನ್ನ ಹೆಸರು ಹಾಕಿ ಕೇಳಿ. ಅದು ಇಲ್ಲ ಅನ್ನಲ್ಲ.