ಹುಲಿಗೂ ಊಟ ಕೇಳುತ್ತಿದ್ದ ನಮ್ಮ ಕಾಕಾ

ನಮ್ಮ ಕಾಕಾ ಬರೆದ ಕಥೆಗಳಲ್ಲಿ ಉಪವಾಸ ಮಲಗಿದವರು ಒಬ್ಬರೂ ಇಲ್ಲ! ಜಮಖಂಡಿ ಸಂಸ್ಥಾನದ ಕಚೇರಿಯಲ್ಲಿ ಹಗಲೆಲ್ಲ ಮರಾಠಿ ಕಾಗದಗಳನ್ನು ನಕಲು ಮಾಡಿ, ಸಂಜೆ ನಮ್ಮದೇ ಓಣಿಯ ತಮ್ಮ ಮನೆಗೆ ಬಂದು ಕನ್ನಡದಲ್ಲಿ ಕಥೆ ಬರೆಯುವ ಮನುಷ್ಯ. ಕಥೆ ಯಾವುದೇ ಇರಲಿ, ಯಾರೋ ಬಾಗಿಲಿಗೆ ಬರಬೇಕು, ಹಿಟ್ಟಿನ ಕೈಯ ಹೆಂಗಸೊಬ್ಬಳು ಹೊರಬಂದು "ಊಟ ಆತೇನ್ರಿ?" ಎಂದು ಕೇಳಲೇಬೇಕು. ಕನ್ನ ಹಾಕಲು ಬಂದ ಕಳ್ಳನಿಗೂ ಅದೇ ಪ್ರಶ್ನೆ. ಪಾಪ, ಅವನು ಎರಡು ರೊಟ್ಟಿ ತಿಂದು ನಾಚಿಕೊಂಡು ಹೋಗಿಬಿಡುತ್ತಾನೆ!

ಒಮ್ಮೆ ನಮಗೆ ಹುಲಿಯ ಕಥೆ ಓದಿದರು. ಅಲ್ಲಿಯೂ ಆ ಹೆಂಗಸು ಬಂದಳು. ನನಗೆ ತಡೆಯಲಾಗಲಿಲ್ಲ.

"ಕಾಕಾ, ಹುಲಿಗಿ ಯಾರರ ಊಟ ಕೇಳ್ತಾರೇನ್ರಿ?"

"ಯಾಕ, ಹುಲಿಗಿ ಹೊಟ್ಟಿ ಇಲ್ಲೇನು?"

ನಮ್ಮ ಕಡೆ ಎದುರಾದವರನ್ನು ಊಟ ಆಯಿತೇ ಎಂದು ಕೇಳುವುದು ವಾಡಿಕೆ. ಉತ್ತರಕ್ಕೆ ಯಾರು ಕಾಯುತ್ತಾರೆ? ಆದರೆ ಕಾಕಾ, ಕೇಳಿದವರ ಕೈ ಹಿಡಿದು, "ಬರ್ರಿ, ಒಂದು ಕಥಿ ಕೇಳಿ ಹೋಗ್ರಿ" ಎಂದು ತಮ್ಮ ಮನೆಯ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ಒಮ್ಮೆ ಪಕ್ಕದ ಮನೆಯವರ ಎಮ್ಮೆ ತಾನೇ ಕೆರೆಗೆ ಹೋಗಿ, ಮಿಂದು, ತಿರುಗಿ ಬಂದಿತ್ತು. ಯಜಮಾನರು ಇನ್ನೂ ಕಟ್ಟೆಯ ಮೇಲೆಯೇ! ಅಂದಿನಿಂದ ಓಣಿಯೇ ಹುಷಾರಾಯಿತು. ಕಾಕಾ ಕಂಡರೆ "ಬಿಸಲು ಭಾಳ ಐತ್ರಿ" ಎನ್ನುವುದು, ದಾಟಿಹೋಗುವುದು. ಮಾಗಿಯ ಚಳಿಯಲ್ಲೂ ಬಿಸಿಲೇ! ಅವ್ವ ನನಗೂ ತಾಕೀತು ಮಾಡಿದ್ದಳು: "ಅವರ ಮುಂದ ಊಟದ ಸುದ್ದಿ ಮಾತ್ರ ತಗೀಬ್ಯಾಡ."

ಕಾಕಾನ ಹೆಂಡತಿ, ನಮ್ಮ ಕಾಕೂ, ಮದುವೆಯಾದ ಎರಡನೆಯ ವರ್ಷವೇ ಪ್ಲೇಗಿನಲ್ಲಿ ಹೋಗಿದ್ದರು. ಹಿಟ್ಟಿನ ಕೈಯ ಆ ಹೆಂಗಸು ಯಾರೆಂದು ನಮಗೆ ಹೊಳೆಯಬೇಕಿತ್ತು. ನಗುವುದರಲ್ಲೇ ಇದ್ದೆವು, ಹೊಳೆಯಲಿಲ್ಲ.

ಕಚೇರಿಗೆ ರಜೆ ಇದ್ದ ಒಂದು ಮಧ್ಯಾಹ್ನ ಕಾಕಾ ಹೊಸ ಕಥೆಯನ್ನು ನನ್ನ ಕೈಗೆ ಕೊಟ್ಟರು. ಒಬ್ಬ ಮನುಷ್ಯ ಬಾಗಿಲಿಂದ ಬಾಗಿಲಿಗೆ ಹೋಗುತ್ತಾನೆ. ಎಲ್ಲರೂ ಬಿಸಿಲಿನ ಮಾತಾಡುತ್ತಾರೆ. ಅಷ್ಟೇ, ಕಥೆ ಮುಗಿಯಿತು.

"ಕಾಕಾ, ಆಕಿ ಬರಲೇ ಇಲ್ಲಲ್ರೀ?"

"ದಾರಿ ನೋಡಿದೆ ಬೇ. ಈ ಸಲ ಬರಲಿಲ್ಲ."

ಅವ್ವನ ತಾಕೀತು ಮರೆತು, "ಕಾಕಾ, ಊಟ ಆತೇನ್ರಿ?" ಎಂದುಬಿಟ್ಟೆ.

ಅವರು ನನ್ನ ಕೈ ಹಿಡಿಯಲಿಲ್ಲ, ಕಟ್ಟೆ ತೋರಿಸಲಿಲ್ಲ.

"ಇಲ್ಲ ಬೇ ತಂಗಿ."

ನಮ್ಮ ಮನೆಗೆ ಕರೆತಂದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು, ನಮ್ಮಿಬ್ಬರ ಮುಖ ನೋಡಿದಳು, ಮಣೆ ಹಾಕಿದಳು. ಕಾಕಾ ತಲೆ ತಗ್ಗಿಸಿ ಮೂರು ರೊಟ್ಟಿ ಉಂಡರು. ಅವತ್ತು ಕಥೆ ಓದಲೇ ಇಲ್ಲ.