ಮೂರು ಕಣ್ಣಿನ ಕುರಿ, ಟ್ರ್ಯಾಕ್ಟರ್ ಕೀಲಿ

ನಮ್ಮವ್ವ ಬೇರೊಂದು ಗ್ರಹಕ್ಕೆ ಹೋಗಿ ಅಲ್ಲಿಂದ ಒಂದು ಕೊಡ ತಂದಿದ್ದಾಳೆ. ಸುಳ್ಳು ಅನ್ನೋರು ಇದ್ದರೆ ನಮ್ಮೂರಿಗೆ ಬರ್ರಿ, ಕೊಟ್ಟೂರಿನಿಂದ ಆಟೋ ಸಿಗುತ್ತವೆ. ನನ್ನ ಎದುರಿಗೆ ನಿಂತು ಸುಳ್ಳು ಅನ್ನಿ, ನೋಡೇ ಬಿಡೋಣ. ಹಿಂದೆ ಒಬ್ಬ ಹಾಗೆ ಅಂದಿದ್ದ. ಅವನನ್ನು ಪಡಸಾಲೆಯಲ್ಲಿ ಕೂರಿಸಿ ಆಟದ ರಿಮೋಟು ಕೈಗೆ ಕೊಟ್ಟೆ. ಅಜ್ಜಿ ಕೊಟ್ಟ ಚಹಾ ಮುಗಿಯುವ ಮೊದಲೇ ಅವನನ್ನು ಹುಳ ತಿಂದಿತ್ತು.

ಉಳಿದವರ ಮನೆಯಲ್ಲಿ ಭಾನುವಾರ ಬಂದರೆ ಕೋಳಿಸಾರು, ನಿದ್ದೆ. ನಮ್ಮ ಮನೆಯಲ್ಲಿ ಅಪ್ಪ, ಅವ್ವ, ತಂಗಿ, ನಾನು, ನಾಲ್ಕೂ ಜನ ಟಿವಿ ಮುಂದೆ ಕೂತು ದೆವ್ವ ಹುಡುಕುತ್ತೇವೆ, ಇಲ್ಲವೇ ಆಕಾಶಕ್ಕೆ ಹೋಗುತ್ತೇವೆ. ಹೋದಾಗೊಮ್ಮೆ ಏನಾದರೊಂದು ಆಗೇ ಆಗುತ್ತದೆ. ನಾನು ಮಾಡುವುದಲ್ಲ, ತಾನಾಗೇ ಆಗುತ್ತದೆ.

ಕೀಲಿ ಇರುವ ಜಾಗ

ನಾನು ಕೊಟ್ಟೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ರಿಪೇರಿ ಮಾಡುವವನು. ಟಿವಿಗೆ ಹಚ್ಚಿ ಆಡುವ ಒಂದು ಹಳೆಯ ಗೇಮ್ ಡಬ್ಬಿ ಕೆಟ್ಟು ಮೂಲೆಗೆ ಬಿದ್ದಿತ್ತು. ಸಾಹುಕಾರರು "ಗುಜರಿಗೆ ಹಾಕಲೇ" ಅಂದರು. ನಾನು ಬಿಚ್ಚಿ, ಒಳಗಿದ್ದ ಇರುವೆ ಗೂಡು ತೆಗೆದು, ಓಡುವ ಹಾಗೆ ಮಾಡಿದೆ. ಅವರೇ ಬೆರಗಾಗಿ ಅದನ್ನು ನನಗೇ ಬಿಟ್ಟರು. ಈ ಕೆಲಸ ಬರುವವನು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ. ಹಡಗಲಿ, ಹರಪನಹಳ್ಳಿ ಸೇರಿಸಿದರೂ ಅಷ್ಟೇ. ಕೂಡ್ಲಿಗಿಯಲ್ಲಿ ಒಬ್ಬ ಇದ್ದಾನೆ ಅಂತಾರೆ, ನಾನು ನೋಡಿಲ್ಲ.

ಇಂಥ ನನಗೆ ನಮ್ಮಪ್ಪ ಟ್ರ್ಯಾಕ್ಟರ್ ಕೀಲಿ ಕೊಡುವುದಿಲ್ಲ. ಅದು ಅವನ ಸೊಂಟದ ಉಡಿದಾರಕ್ಕೆ ಕಟ್ಟಿರುತ್ತದೆ. ಸ್ನಾನಕ್ಕೂ ಅದರ ಸಮೇತ ಹೋಗುತ್ತಾನೆ.

ಕಾರಣ ಇಷ್ಟೇ. ಒಂದು ಸಲ ಹೊಲದಿಂದ ಮೆಕ್ಕೆಜೋಳ ತುಂಬಿಕೊಂಡು, ಜೋರಾಗಿ ಹಾಡು ಹಚ್ಚಿ, ಮನೆ ಮುಂದೆ ಗಾಡಿ ತಂದು ನಿಲ್ಲಿಸಿದೆ. ಒಂದು ತೆನೆ ಬಿದ್ದಿರಲಿಲ್ಲ. ಅಪ್ಪ ಹೊರಗೆ ಬಂದು, "ನಿಮ್ಮವ್ವ ಎಲ್ಲಿ?" ಅಂದ. ತಿರುಗಿ ನೋಡಿದರೆ ಮೆಕ್ಕೆಜೋಳ ಇದೆ, ಅವ್ವ ಇಲ್ಲ. ಬೇವಿನ ಮರದ ಬುಡದಲ್ಲಿಟ್ಟಿದ್ದ ಮಜ್ಜಿಗೆ ಗಡಿಗೆ ತರಲು ಹೋಗಿದ್ದಳಂತೆ. ಹತ್ತುವವರು ಲಗು ಹತ್ತಬೇಕು ಅಂತ ನಾನು ಈಗಲೂ ಹೇಳುತ್ತೇನೆ. ಅವ್ವ ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ಬಿಸಿಲಿನಲ್ಲಿ ನಡೆದು ಬಂದಳು. ಬೈಯಲಿಲ್ಲ. ಎಲ್ಲರಿಗೂ ಮಜ್ಜಿಗೆ ಬಗ್ಗಿಸಿ ಕೊಟ್ಟು, ನನ್ನ ಪಾಲನ್ನು ಕರುವಿನ ಮುಂದೆ ಇಟ್ಟಳು.

ಆದರೆ ಈ ಶ್ರಾವಣದಲ್ಲಿ ಮನೆಮಂದಿ, ಓಣಿಮಂದಿ ಎಲ್ಲ ನಮ್ಮ ಟ್ರ್ಯಾಕ್ಟರಿನಲ್ಲಿ ಉಜ್ಜಿನಿಗೆ ದೇವರ ದರ್ಶನಕ್ಕೆ ಹೋಗುವುದಿತ್ತು. ಅಷ್ಟು ಜನರ ಮುಂದೆ ನಾನು ಸ್ಟೇರಿಂಗ್ ಹಿಡಿಯದಿದ್ದರೆ ನನ್ನ ಮರ್ಯಾದೆ ಏನಾಗಬೇಕು? ಕೀಲಿ ಕೇಳಿದೆ. ಅಪ್ಪ ಟಿವಿ ಕಡೆ ಕೈ ಮಾಡಿದ.

"ಅದೇನಲೇ, ಹಡಗ ಹಾರಸ್ತೀಯಲ್ಲ?"

"ನಾಕು ಮಂದಿ ಬ್ಯಾರೆ ಗ್ರಹಕ್ಕ ಹೋಗಿ, ಸಾಮಾನು ಆರಿಸ್ಕೊಂಡು, ಹುಳದ ಬಾಯಿಗೆ ಬೀಳ್ದಂಗ ಹಡಗ ಹತ್ತಿ ಮನಿಗೆ ಬರಬೇಕಪ್ಪ."

"ಹಂಗಾರ ನಮ್ಮನ್ನ ಕರಕೊಂಡು ಹೋಗು. ನಾಕೂ ಮಂದೀನ ಒಂದ ಸಲ ಮನಿ ಮುಟ್ಟಿಸು. ಆಮ್ಯಾಲೆ ಕೀಲಿ ಕೇಳು."

ನನಗೆ ನಗು ಬಂತು. ಇಷ್ಟು ಸುಲಭವಾಗಿ ಸಿಗುತ್ತದೆ ಅಂತ ಗೊತ್ತಿದ್ದರೆ ಹೋದ ವರ್ಷವೇ ಕೇಳುತ್ತಿದ್ದೆ.

ಹಗಲು ದೆವ್ವ

ಮೊದಲು ಮನೆಯವರ ಕೈ ಪಳಗಲಿ ಅಂತ ದೆವ್ವದ ಆಟ ಹಚ್ಚಿದೆ. ಒಂದು ಹಾಳು ಬಂಗಲೆ. ನಾಲ್ಕು ಜನ ಬ್ಯಾಟರಿ ಹಿಡಿದು ಒಳಗೆ ಹೋಗಿ, ದೆವ್ವ ಯಾವ ಕೋಣೆಯಲ್ಲಿದೆ ಅಂತ ಪತ್ತೆ ಹಚ್ಚಿ, ಜೀವ ಉಳಿಸಿಕೊಂಡು ಹೊರಗೆ ಬರಬೇಕು. ಕತ್ತಲಲ್ಲಿ ಆಡಿದರೇ ಅದರ ಮಜಾ. ಆದರೆ ಅವ್ವ ಬಿಡಬೇಕಲ್ಲ.

"ದೀಪ ಹಚ್ಚಿದ ಮ್ಯಾಲೆ ನಮ್ಮ ಮನ್ಯಾಗ ದೆವ್ವದ ಹೆಸರು ತಗಿಯಂಗಿಲ್ಲ. ಏನಾಡ್ತಿ, ಹಗಲೊತ್ತಿನ್ಯಾಗ ಆಡು" ಅಂದಳು.

ಹೀಗಾಗಿ ಮಟಮಟ ಮಧ್ಯಾಹ್ನ ಕೂತೆವು. ನಮ್ಮ ಬೆನ್ನ ಹಿಂದಿನ ತಲಬಾಗಿಲಿನಿಂದ ಬೆಳಕು ನೇರ ಟಿವಿ ಮೇಲೆ. ಅದರಲ್ಲಿ ದೆವ್ವದ ಬದಲು ನಾವೇ ಕಾಣುತ್ತಿದ್ದೆವು, ನಮ್ಮ ಹಿಂದೆ ಒಂದು ಕೋಳಿ. ಆಟಕ್ಕೆ ಸೇರದಿದ್ದರೂ ನಮ್ಮಜ್ಜಿಗೆ ನೋಡುವ ಉಮೇದು ಬಹಳ. ಅಪ್ಪನ ಕರಿ ಕಂಬಳಿ ತಂದು ಬಾಗಿಲಿಗೆ ಅಡ್ಡ ಹಿಡಿದು ನಮ್ಮ ಬೆನ್ನ ಹಿಂದೆ ನಿಂತಳು. ಅವ್ವ ಟಿವಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಆಟ ಶುರುವಾಯಿತು. ಬಂಗಲೆಯ ಬಾಗಿಲಿಗೆ ಬಂದದ್ದೇ ಅವ್ವ ನಿಂತುಬಿಟ್ಟಳು.

"ಚಪ್ಪಲಿ ಎಲ್ಲಿ ಬಿಡೋದು?"

"ಅವ್ವಾ, ಹಾಕ್ಕೊಂಡ ನಡಿ! ದೆವ್ವದ ಮನಿ ಅದು."

"ದೆವ್ವದ್ದಾದ್ರೇನು, ಮನೀನ ಅಲ್ಲೇನು?"

ಅಪ್ಪ ಒಳಗೆ ಬಂದವನೇ ತೊಲೆ, ಕಂಬ ನೋಡುತ್ತ ನಿಂತ. "ಸಾಗವಾನಿ ಐತಲೇ. ಇಂಥಾ ಮನಿ ಬಿಟ್ಟು ಹೋಗ್ಯಾರಂದ್ರ ಅಣ್ಣತಮ್ಮರ ಜಗಳ ಇರಬೇಕು."

ನಾನು "ನನ್ನ ಹಿಂದ ಬರ್ರಿ, ಅಂಜಬ್ಯಾಡ್ರಿ, ನಾನದೀನಿ" ಅಂತ ಮುಂದೆ ಹೋಗಿ ಒಂದು ಕಪಾಟಿನ ಬಾಗಿಲು ತೆಗೆದೆ. ಒಳಗೆ ಕೂದಲು ಬಿಟ್ಟುಕೊಂಡ ಹೆಂಗಸು. ಅದೇ ಕ್ಷಣಕ್ಕೆ ಅಜ್ಜಿಯ ಕೈ ಸೋತು ಕಂಬಳಿ ನನ್ನ ತಲೆ ಮೇಲೆ ಬಿತ್ತು. ಮುಂದೆ ಒಂದು ಕೂಗು ಬಂತು ನೋಡ್ರಿ, ಹಟ್ಟಿಯಲ್ಲಿದ್ದ ಕುರಿಗಳು ಬೇಲಿ ಹಾರಿದವು. ಓಣಿಯವರು "ಯಾರು ತೀರಿಕೊಂಡ್ರು, ಯಾರು ತೀರಿಕೊಂಡ್ರು" ಅಂತ ಓಡಿ ಬಂದರು. ನಾನು ಕಂಬಳಿ ಒಳಗಿಂದಲೇ, "ಏನಿಲ್ಲ, ತಂಗಿ ಅಂಜಿ ಕೂಗಿದಳು" ಅಂದೆ.

ಪಕ್ಕದ ಮನೆ ದೊಡ್ಡವ್ವ ತಂಗಿಯನ್ನು ನೋಡಿದಳು, ಕಂಬಳಿಯನ್ನು ನೋಡಿದಳು. "ಅಲ್ಲಪಾ, ಆಕಿ ಆಗಿಂದ ನಗಾಕ ಹತ್ಯಾಳಲ್ಲ?"

ಕಿವಿ ಗುರುತು

ಮುಂದಿನ ವಾರ ಆಕಾಶಕ್ಕೆ ಹೊರಟೆವು. ಹಡಗು ಒಂದು ಹುಲ್ಲುಗಾವಲಿನ ಗ್ರಹದಲ್ಲಿ ಇಳಿಯಿತು. ದೂರದಲ್ಲಿ ಮೂರು ಕಣ್ಣಿನ, ಮೈತುಂಬ ಉಣ್ಣೆ ಇರುವ ಪ್ರಾಣಿಗಳ ಹಿಂಡು ಮೇಯುತ್ತಿತ್ತು. ಅಲ್ಲಿಯವರೆಗೆ ಅಪ್ಪನ ರಿಮೋಟು ಅವನ ಮಾತು ಕೇಳುತ್ತಿರಲಿಲ್ಲ. ಟಿವಿಯೊಳಗಿನ ಅವನ ಮನುಷ್ಯ ಒಂದೋ ನೆಲ ನೋಡುತ್ತಿದ್ದ, ಇಲ್ಲ ಆಕಾಶ ನೋಡುತ್ತಿದ್ದ. ಹಿಂಡು ಕಂಡದ್ದೇ ತಡ, ನೆಟ್ಟಗೆ ನಡೆಯತೊಡಗಿದ.

ನಮ್ಮಲ್ಲಿ ಕುರಿ ಸಾಕುವವರು ಮರಿ ಇದ್ದಾಗಲೇ ಅದರ ಕಿವಿ ಒಂದಿಷ್ಟು ಕತ್ತರಿಸಿ ಗುರುತು ಮಾಡುತ್ತಾರೆ. ಒಂದೊಂದು ಮನೆಗೆ ಒಂದೊಂದು ಗುರುತು. ಬೇರೆಯವರ ಕುರಿ ಹೊಲಕ್ಕೆ ನುಗ್ಗಿದರೆ ಮೊದಲು ಕಿವಿ ನೋಡಬೇಕು, ಆಮೇಲೆ ಯಾರನ್ನು ಬೈಯಬೇಕೋ ಅವರನ್ನು ಬೈಯಬೇಕು.

"ಇವು ಯಾರವಲೇ?" ಅಂದ ಅಪ್ಪ.

"ಅಪ್ಪಾ, ಹತ್ರ ಹೋಗಬ್ಯಾಡ! ಅವು ಮನಷ್ಯಾರನ್ನ ತಿಂತಾವ!"

"ತಿನ್ಲಿ. ಯಾರವು ಅಂತ ಕೇಳಿದೆ."

"ಯಾರವೂ ಅಲ್ಲ!"

"ಇಷ್ಟ್ ಚಂದ ಮೇದಾವ, ಯಾರವೂ ಅಲ್ಲ ಅಂದ್ರ?"

ಬಾಯಲ್ಲಿ ಕುರಿ ಕರೆಯುವ ದನಿ ಮಾಡುತ್ತ ಹೋಗಿ, ಒಂದರ ತಲೆ ಹತ್ತಿರ ಬಗ್ಗಿದ. ಅದು ಹೊಟ್ಟೆಯಿಂದ ಕುತ್ತಿಗೆವರೆಗೆ ಬಾಯಿ ತೆಗೆಯಿತು. ಅಪ್ಪ ಕಾಲಿನ ಸಮೇತ ಒಳಗೆ ಹೋದ. ಸೇಡು ತೀರಿಸಲು ನಾನು ನುಗ್ಗಿದೆ, ನಾನೂ ಹೋದೆ. ನಾನು ಹೊಡೆದಾಡಿ ಹೋದೆ, ಅದು ಬೇರೆ ಮಾತು.

ಅಪ್ಪ ರಿಮೋಟು ಕೆಳಗಿಟ್ಟು ಹೇಳಿದ, "ಕಿವೀನ ಇಲ್ಲಲೇ ಅದಕ್ಕ. ಬುಡಕ್ಕ ಕತ್ತರಿಸ್ಯಾರ. ಅಷ್ಟೂ ಕಳವಿನ ಮಾಲು!"

ಕೊಡ ಹಿಡಿದು ನಾಲ್ಕು

ಆ ಕುರಿಗಳಿಗೆ ಕಿವಿ ಇಲ್ಲ ಅಂತ ಅಪ್ಪನಿಗೆ ಖಾತ್ರಿ ಆದಮೇಲೆ ಆ ಕಾಟ ತಪ್ಪಿತು. ಉಳಿದದ್ದು ಅವ್ವನ ಕಾಟ. ಆ ಗ್ರಹದಲ್ಲಿ ಬೆಲೆಬಾಳುವ ಯಂತ್ರದ ಭಾಗಗಳನ್ನು ಆರಿಸಬೇಕು. ಅವ್ವ ಬಿಡಿ, ಮುರಿದ ತಗಡು, ಖಾಲಿ ಡಬ್ಬಿ, ಬಾಗಿದ ಕೊಳವೆ, ಎಲ್ಲ ಹೊತ್ತು ತರುತ್ತಾಳೆ. ಯಾಕವ್ವಾ ಅಂದರೆ, "ಕೆಲಸಕ್ಕ ಬರ್ತೈತಿ ಇಡು."

ಒಂದು ಸಲ ಹುಳ ಬೆನ್ನು ಹತ್ತಿತ್ತು. ನಾನು ಹಡಗಿನೊಳಗೆ ಹಾರಿ, ಹಿಡಿಕೆ ಎಳೆದು, ಝಮ್ಮಂತ ಮೇಲೆದ್ದೆ. ಒಂದು ಗೀರು ಬೀಳದಂತೆ ಹಡಗು ಮನೆ ಮುಟ್ಟಿಸಿದೆ. ತಿರುಗಿ ನೋಡಿದರೆ ತಗಡು ಇದೆ, ಡಬ್ಬಿ ಇದೆ, ಮನೆಯವರು ಯಾರೂ ಇಲ್ಲ.

"ಮತ್ತ ಬಿಟ್ಟು ಹೋದಿ" ಅಂದಳು ಅವ್ವ. ಆವತ್ತು ಮಜ್ಜಿಗೆ ಇರಲಿಲ್ಲ, ಇದ್ದಿದ್ದರೆ ಕರುವಿಗೇ ಹೋಗುತ್ತಿತ್ತು.

ಉಜ್ಜಿನಿಗೆ ಹೋಗುವುದು ಸೋಮವಾರ. ಹಿಂದಿನ ದಿನ ಕೊನೆಯ ಸಲ ಕೂತೆವು. ಅವತ್ತು ಎಲ್ಲ ನಾನು ಹೇಳಿದ ಹಾಗೇ ನಡೆಯಿತು. ಅಪ್ಪ ಹಡಗು ಹತ್ತಿದ. ತಂಗಿ ಹಿಡಿಕೆ ಹತ್ತಿರ ನಿಂತಳು. ಅವ್ವ ತಗಡು ಡಬ್ಬಿ ಸಮೇತ ಹತ್ತಿದಳು. ಇನ್ನೇನು ಕೀಲಿ ನನ್ನದೇ. ಅಷ್ಟರಲ್ಲಿ ಅವ್ವ, "ಅಯ್ಯ, ಆ ಕೊಡ ಅಲ್ಲೇ ಉಳೀತು!" ಅಂತ ಮತ್ತೆ ಇಳಿಯತೊಡಗಿದಳು. ದೂರದಲ್ಲಿ ಕೊಡದ ಆಕಾರದ್ದೊಂದು ಹೊಳೆಯುತ್ತಿತ್ತು.

"ಅವ್ವಾ, ಇಳೀಬ್ಯಾಡ! ಆ ಕುರಿ ಬರಾಕ ಹತ್ಯಾವ!"

"ಅಷ್ಟ್ ಚಲೋ ಕೊಡ ಬಿಟ್ಟು ನಾ ಬರಂಗಿಲ್ಲ."

ಅವಳು ಇಳಿದರೆ ಕೀಲಿ ಹೋಯಿತು. "ನೀ ಕುಂದ್ರು, ನಾ ತರ್ತೀನಿ" ಅಂತ ನಾನೇ ಹಾರಿದೆ. ಆ ಓಟ ನೀವು ನೋಡಬೇಕಿತ್ತು. ಕೊಡ ಎತ್ತಿದೆ, ಹಿಂಡು ಬೆನ್ನು ಹತ್ತಿತು, ದೂರದಿಂದಲೇ ಕೊಡವನ್ನು ಹಡಗಿನೊಳಗೆ ಒಗೆದೆ. ನೇರ ಅವ್ವನ ಕಾಲ ಹತ್ತಿರ ಬಿತ್ತು.

"ಅಣ್ಣಾ, ಎಳೀಲೇನು?" ಅಂತ ತಂಗಿ ಕೂಗಿದಳು.

ಆಗಲ್ಲ ಅನ್ನುವ ಮಾತು ನನ್ನ ಬಾಯಿಗೆ ಹುಟ್ಟಿದಾಗಿನಿಂದ ಬಂದಿಲ್ಲ. "ಎಳಿಯೇ! ನಾ ಬಂದ ಬಿಟ್ಟೆ!"

ಎಳೆದಳು. ಬಾಗಿಲು ನನ್ನ ಮೂಗಿನ ಮುಂದೆ ಮುಚ್ಚಿತು. ಹಡಗು ಮೇಲೆ ಹೋಯಿತು, ನಾನು ಕಿವಿ ಇಲ್ಲದ ಕುರಿಗಳ ನಡುವೆ ಉಳಿದೆ.

ಆದರೂ ಎದ್ದು ಕುಣಿದೆ. "ಮುಟ್ಟಿಸಿದೆ ನೋಡಪಾ! ಕೊಡು ಕೀಲಿ!"

"ಹಿಡಿಕಿ ಎಳದಾಕಿ ಯಾರು?"

"ತಂಗಿ. ಆದ್ರ..."

"ನಾಕು ಮಂದಿ ಅಂದಿದ್ದೆ. ಮೂರ ಮಂದಿ ಬಂದೀವಿ."

ಹಿಂದಿನಿಂದ ಅಜ್ಜಿ ನನ್ನ ಪರವಾಗಿ ಮಾತಾಡಿದಳು. "ಯಾಕ, ಕೊಡ ಹಿಡದ್ರ ನಾಕು ಆತಲ್ಲ?"

ಅಪ್ಪ ಉಡಿದಾರದಿಂದ ಕೀಲಿ ಬಿಚ್ಚಿ ತಂಗಿಯ ಕೈಗೆ ಕೊಟ್ಟ.

ಉಜ್ಜಿನಿ

ಸೋಮವಾರ ತಂಗಿ ಟ್ರ್ಯಾಕ್ಟರ್ ಹೊಡೆದಳು. ಲೈಸೆನ್ಸ್ ಇದೆ, ಕೈಯೂ ಚಲೋ ಇದೆ. ದಾರಿಯ ಊರವರೆಲ್ಲ ನಿಂತು ನೋಡಿದರು. ನಾನು ಟ್ರೇಲರಿನಲ್ಲಿ ನಿಂತು ಒಬ್ಬೊಬ್ಬರಿಗೂ "ಕಲಿಸಿದಾವ ನಾನ!" ಅಂತ ಕೂಗಿ ಹೇಳಿದೆ. ಅಪ್ಪ ನನಗೆ ವಹಿಸಿದ ಕೆಲಸ ಎರಡು. ಟ್ರೇಲರಿನ ಹಿಂದಿನ ಬಾಗಿಲ ಕೊಂಡಿ ಹಾಕುವುದು, ಅಜ್ಜಿಯ ಎಲೆ ಅಡಿಕೆ ಸಂಚಿ ಹಿಡಿದುಕೊಳ್ಳುವುದು.

ದರ್ಶನ ಆಯಿತು, ಪ್ರಸಾದ ಆಯಿತು. ತಿರುಗಿ ಹೊರಡುವಾಗ ಎಲ್ಲರನ್ನೂ ನಾನೇ ಕೈಹಿಡಿದು ಹತ್ತಿಸಿದೆ. ಅಜ್ಜಿಯನ್ನಂತೂ ಎತ್ತಿಯೇ ಕೂರಿಸಿದೆ. ಬಾಗಿಲು ಎತ್ತಿ, ಕೊಂಡಿ ಹಾಕಿ, ಬಸ್ಸಿನ ಕಂಡಕ್ಟರನ ಹಾಗೆ ತಗಡಿಗೆ ದಬ್ ದಬ್ ಬಡಿದು, "ಹೋಗ್ಲೀ!" ಅಂದೆ.

ಹೋಯಿತು.

ನಾನು ನೆಲದ ಮೇಲೆ ನಿಂತಿದ್ದೆ, ಕೈಯಲ್ಲಿ ಸಂಚಿ. ಓಡಿದೆ, ಕೂಗಿದೆ. ಇಂಜಿನ್ ಸದ್ದು ಒಂದು ಕಡೆ, ಹೆಂಗಸರ ಹಾಡು ಇನ್ನೊಂದು ಕಡೆ. ಫೋನು ಬೇರೆ ಫೋಟೋ ನೋಡುತ್ತೇನೆ ಅಂತ ಅವ್ವ ಇಸಿದುಕೊಂಡಿದ್ದಳು. ಚಹಾದಂಗಡಿ ಕಟ್ಟೆಯ ಮೇಲಿದ್ದ ಮುದುಕರೊಬ್ಬರು, "ಬಿಟ್ಟು ಹೋದ್ರಲ್ಲಪಾ ತಮ್ಮಾ" ಅಂದರು.

"ಬಿಟ್ಟು ಹೋಗಿಲ್ರಿ ಯಜಮಾನ್ರ. ನಾನ ಕಳಿಸೀನಿ" ಅಂದೆ.

ಬಿಸಿಲು ಜೋರಾಗಿತ್ತು. ಆ ಬಿಸಿಲಲ್ಲಿ ಕೂತಾಗ ಸೊಂಟದ ಮೇಲೆ ಮಜ್ಜಿಗೆ ಗಡಿಗೆ ಇಟ್ಟುಕೊಂಡು ಬಂದ ಅವ್ವ ಯಾಕೋ ನೆನಪಾದಳು. ಅದನ್ನು ಮುದುಕರಿಗೆ ಹೇಳಲಿಲ್ಲ.

ಕೊನೆಗೆ ದೂಳೆಬ್ಬಿಸುತ್ತ ಟ್ರ್ಯಾಕ್ಟರ್ ತಿರುಗಿ ಬಂತು. ನಾನು ಎದೆ ಸೆಟೆಸಿ ನಿಂತು, ನೋಡ್ರಿ ನಮ್ಮ ಮಂದಿ ಅನ್ನುವ ಹಾಗೆ ಮುದುಕರ ಕಡೆ ನೋಡಿದೆ. ಅಜ್ಜಿ ಟ್ರೇಲರಿನಿಂದ ಕೈಚಾಚಿದಳು. "ಸಂಚಿ ತಾ." ಕೊಟ್ಟೆ. ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು, "ಹ್ಞೂಂ, ಸಿಕ್ತು. ನಡೀರಿ" ಅಂದಳು.

"ಮತ್ತ ನಾನು?"

ಅವ್ವ ಹೇಳಿದಳು, "ಸಂಚಿ ಎಲ್ಲೈತಿ ಅಂತ ಹುಡುಕಿದ್ವಿ. ನಿನ್ನ ಕೈಯಾಗಿತ್ತು ಅಂತ ನೆನಪಾತು. ಹಂಗ ನೀನೂ ನೆನಪಾದಿ."

ತಂಗಿ ಸ್ಟೇರಿಂಗ್ ಮೇಲೆ ತಲೆ ಇಟ್ಟು ನಗುತ್ತಿದ್ದಳು. "ಅಪ್ಪಾ, ನಂಗ ನಗಿ ತಡಿಯಾಕ ಆಗವಲ್ದು, ನಾ ಹೊಡಿಯಂಗಿಲ್ಲ." ಅಪ್ಪ ಅವಳನ್ನು ಇಳಿಸಿ ನನ್ನ ಕಡೆ ನೋಡಿದ.

"ಬಿಟ್ಟು ಹೋಗೋದು ನಿನಗ ಮೊದಲ ಬರ್ತಿತ್ತು. ಉಳಿಯೋದು ಈಗ ಬಂತು. ಹತ್ತು."

ಹತ್ತಿ ಕೂತೆ. ಸ್ಟಾರ್ಟ್ ಮಾಡುವ ಮೊದಲು ಹಿಂದೆ ತಿರುಗಿದೆ. "ಅವ್ವಾ?"

"ಅದೀನಿ."

"ತಂಗೀ?" "ಅದೀನಣ್ಣ." "ಅಪ್ಪಾ?" "ಹ್ಞೂಂ." "ಅಜ್ಜಿ?" "ಅದೀನಿ ಹೊಡಿಯಲೇ!" "ಸಂಚಿ?" "ಐತಿ." ಓಣಿಯವರನ್ನೂ ಒಬ್ಬೊಬ್ಬರನ್ನಾಗಿ ಕೇಳಿದೆ. ಆದರೂ ಮನಸ್ಸು ತಡೆಯದೆ ಇಳಿದು ಹೋಗಿ ಕೊಂಡಿ ನೋಡಿ ಬಂದೆ. ಮುದುಕರು ಚಹಾ ಕುಡಿಯುವುದನ್ನು ಬಿಟ್ಟು ನೋಡುತ್ತಿದ್ದರು.

ಮನೆ ಮುಂದೆ ಎಲ್ಲರೂ ಇಳಿದರು. ಅವ್ವ ಎಲ್ಲರಿಗಿಂತ ಮೊದಲು ನನಗೆ ಮಜ್ಜಿಗೆ ತಂದಳು. ಗಾಡಿ ಬಂದ್ ಮಾಡಿ ಕೀಲಿಯನ್ನು ಅಪ್ಪನ ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ.

"ನಿನ್ನ ಉಡಿದಾರ ಗಟ್ಟಿ ಐತೇನಲೇ?"

"ಐತಿ."

"ಹಂಗಾರ ಕಟ್ಕೋ" ಅಂದ.

ಟ್ರ್ಯಾಕ್ಟರ್ ಕೀಲಿಯನ್ನು ಅಪ್ಪ ನನಗೆ ಕೊಟ್ಟ.