ಸೊಸೆಯ ಬೂಮು, ನನ್ನ ರಜಿಸ್ಟರು

ಕ್ರೇನಿನ ತೋಳು ಮಾಡುವವರ ಮನೆಯಲ್ಲಿ ನಗುವಿಗೆ ಬರವಿಲ್ಲ. ಬರೆದಿಡುವವರು ಬೇಕು, ಅಷ್ಟೇ. ಪುಣೆ ಹತ್ತಿರದ ಚಿಂಚವಾಡದ ನಮ್ಮ ಕಾರ್ಖಾನೆಯಲ್ಲಿ ಆ ಕೆಲಸ ನನ್ನದು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಬಂದವಳು ನಾನು. ತೋಳುಗಳ ಪರೀಕ್ಷೆಯ ರಜಿಸ್ಟರಿನಲ್ಲಿ ಇವತ್ತಿನವರೆಗೆ ಒಂದು ಸಾಲೂ ಖಾಲಿ ಬಿಟ್ಟಿಲ್ಲ.

೧. ರೊಟ್ಟಿ ಪರೀಕ್ಷೆ

ಎಂಜಿನಿಯರ್ ಸೊಸೆ ಹೊಸ ಬೂಮಿನ ನಕ್ಷೆ ತಂದಳು. ಬೂಮು ಅಂದರೆ ಒಂದರೊಳಗೊಂದು ಕೂತು, ಬೇಕಾದಾಗ ಉದ್ದಕ್ಕೆ ಚಾಚುವ ಉಕ್ಕಿನ ತೋಳು. ಅವಳದರಲ್ಲಿ ಉಕ್ಕು ಗಟ್ಟಿ, ತಗಡು ತೆಳು, ತಳ ದುಂಡಗೆ. ಊಟಕ್ಕೆ ಕೂತಿದ್ದ ಯಜಮಾನರು ಹುಬ್ಬೇರಿಸಿದರು.

"ತೆಳ್ಳಗ ಮಾಡಿದ್ರ ಬಾಗೂದಿಲ್ಲೇನವಾ?"

ಅವಳು ಅವರ ತಾಟಿನಿಂದ ಬಿಸಿ ಜೋಳದ ರೊಟ್ಟಿ ಎತ್ತಿ ಅಂಚು ಹಿಡಿದಳು. ಜೋತುಬಿತ್ತು. ದೋಣಿಯ ಹಾಗೆ ತುಸು ಬಾಗಿಸಿ ಹಿಡಿದಳು. ನೆಟ್ಟಗೆ ನಿಂತಿತು.

"ರೊಟ್ಟಿ ಅದೇ ರೀ ಮಾವಾರ, ದಪ್ಪನೂ ಅಷ್ಟ. ಆಕಾರ ಬ್ಯಾರೆ."

ಯಜಮಾನರು ಒಪ್ಪಿದರು. ಒಪ್ಪಿ, ರೊಟ್ಟಿ ತಿಂದರು. ನಾನು ಬರೆದೆ: "ಮಾದರಿ ಉತ್ತೀರ್ಣ. ಮರುಪರೀಕ್ಷೆಗೆ ಲಭ್ಯವಿಲ್ಲ."

೨. ಮೋಡದ ಕಾಲಂ

ರಜಿಸ್ಟರಿನ ಕೊನೆಯ ಕಾಲಂ ಹವೆಯದು. ಯಜಮಾನರು ಕಂಡಾಗಲೆಲ್ಲ ಕೆಣಕುತ್ತಿದ್ದರು: "ಉಕ್ಕಿನ ಪುಸ್ತಕದಾಗ ಮೋಡ ಯಾಕ ಬರೀತಿ?"

ಯಾಕೆಂದರೆ ಬೂಮು ಎತ್ತಿ ನಿಲ್ಲಿಸುವ ಅಂಗಳದಲ್ಲೇ ಒಳ್ಳೆಯ ಬಿಸಿಲು. ಬೇಸಿಗೆಯಲ್ಲಿ ನನ್ನ ಸಂಡಿಗೆ ಒಣಗುವುದೂ ಅಲ್ಲೇ. ಒಣಗಿತೋ ಇಲ್ಲವೋ ಎಂದು ಬರೆಯುವುದು ಆ ಕಾಲಂನಲ್ಲಿ.

ಹೊಸ ಬೂಮನ್ನು ಎತ್ತಿದ ದಿನ ಬೆಳಿಗ್ಗೆ ಅಳೆದರೆ ತುದಿ ಪಶ್ಚಿಮಕ್ಕೆ ಎರಡು ಇಂಚು ವಾಲಿತ್ತು. ಯಜಮಾನರು ಹಳೆಯ ವೆಲ್ಡರನ ಮೇಲೆ ಹರಿಹಾಯ್ದರು. ಸಂಜೆ ಮತ್ತೆ ಅಳೆದರೆ ಪೂರ್ವಕ್ಕೆ ಎರಡು ಇಂಚು!

ವೆಲ್ಡರ್ ಸೊಂಟದ ಮೇಲೆ ಕೈಯಿಟ್ಟ. "ಯಾಕ್ರೀ ಮಾಲಕರ, ನೀವು ಊಟಕ್ಕ ಹೋದಾಗ ನಾ ಏನ್ ಬಿಚ್ಚಿ ಉಲ್ಟಾ ಬೆಸದೇನ್ರೀ?"

೩. ಇನ್‌ಸ್ಪೆಕ್ಟರ್ ಸಾಹೇಬರು

ಆದರೆ ಸೋಮವಾರ ಗಿರಾಕಿಯ ಕಡೆಯ ಇನ್‌ಸ್ಪೆಕ್ಟರ್ ಬರುವವರಿದ್ದರು. ಅವರು "ಸೊಟ್ಟ" ಎಂದು ಬರೆದರೆ ಸೊಸೆಯ ನಕ್ಷೆ ಮೂಲೆಗೆ, ಹಳೆಯ ದಪ್ಪ ತಗಡೇ ಗತಿ ಎಂದುಬಿಟ್ಟರು ಯಜಮಾನರು. ಎರಡು ವರ್ಷದ ಕೆಲಸ ಅವಳದು. ಸರಿಯಾಗಿ ಊಟವನ್ನೂ ಮಾಡಲಿಲ್ಲ ಹುಡುಗಿ.

ಭಾನುವಾರ ವಾರದ ಅಳತೆಗಳನ್ನು ಅವಳಿಗೆ ಓದಿ ಹೇಳಿದೆ. ಸಂಡಿಗೆ ಒಣಗಿದ ದಿನ ಬೂಮು ವಾಲಿದೆ. ಒಣಗದ ದಿನ ನೆಟ್ಟಗಿದೆ.

"ಅತ್ತೀ!" ಅವಳು ಎದ್ದು ನಿಂತಳು. "ಬಿಸಲ ಬಿದ್ದ ಬದಿ ಕಾದು ಹಿಗ್ಗತದ, ತುದಿ ಆಚೆ ಕಡೆ ವಾಲತದ. ಬೂಮಿನ ತಪ್ಪೇ ಇಲ್ಲ!"

ಸೋಮವಾರ ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ಸೊಲ್ಲಾಪುರದ ಕಡೆಯ ಇನ್‌ಸ್ಪೆಕ್ಟರ್ ಕತ್ತೆತ್ತಿ ನೋಡಿ, "ಸೊಟ್ಟ ಅದಲ್ರೀ" ಎಂದರು. ನಾನು ರಜಿಸ್ಟರ್ ಮುಂದಿಟ್ಟೆ. ಅವರು ಪ್ರತಿ ಸಾಲಿಗೂ ಬೆರಳಿಟ್ಟು ಓದಿದರು, ಸಂಡಿಗೆ ಸಮೇತ.

"ಅಕ್ಕಾರ, ದಾಖಲೆ ಅಂದ್ರ ಹಿಂಗಿರಬೇಕು. ಮೋಡ ಬರೂತನಾ ಕೂಡ್ತೀನಿ."

ಕೂತರು. ಹಿಡಿದು ಕೂರಿಸಲು ನಾನು ಸಂಡಿಗೆ ಕರಿದು ಕೊಟ್ಟೆ. ಮೋಡವೆಂದರೆ ಮೂಗು ಮುರಿಯುತ್ತಿದ್ದ ಯಜಮಾನರು ನಿಮಿಷಕ್ಕೊಮ್ಮೆ ಹೊರಗೆ ಹೋಗಿ ಆಕಾಶ ನೋಡಿ ಬಂದರು. ಮೂರರ ಹೊತ್ತಿಗೆ ದಟ್ಟ ಮೋಡ ಕವಿಯಿತು. ಒಂದು ತಾಸು ಬಿಟ್ಟು ಅಳೆದರು: ದಾರ ಹಿಡಿದಂತೆ ನೆಟ್ಟಗೆ. ಭಾರ ಎತ್ತಿ ಇಳಿಸಿದರು. ತುದಿ ಮರಳಿ ಗುರುತಿಗೇ ಬಂತು. ಸೊಸೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

ಅಷ್ಟರಲ್ಲಿ ಹನಿ ಬಿತ್ತು.

"ನನ್ನ ಸಂಡಿಗಿ!" ಎಂದು ಕೂಗಿದೆ. ಯಜಮಾನರು, ವೆಲ್ಡರ್, ಸೊಸೆ, ಇನ್‌ಸ್ಪೆಕ್ಟರ್ ಸಾಹೇಬರು ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಸಂಡಿಗೆಯ ಸೀರೆಯನ್ನು ಒಳಗೆ ಹೊತ್ತು ತಂದರು.

ಸಾಹೇಬರು ಬರೆದುಕೊಟ್ಟ ಮಂಜೂರಾತಿ ಪತ್ರ ಈಗ ಕಟ್ಟು ಹಾಕಿಸಿಕೊಂಡು ಯಜಮಾನರ ಮೇಜಿನ ಹಿಂದೆ ತೂಗುತ್ತಿದೆ. ಕೊನೆಯ ಷರತ್ತನ್ನು ಬಂದವರಿಗೆಲ್ಲ ಅವರೇ ಓದಿ ಹೇಳುತ್ತಾರೆ: "ಬೂಮಿನ ಅಳತೆಯನ್ನು ಸಂಡಿಗೆ ಒಣಗದ ಹವೆಯಲ್ಲಿ ಮಾತ್ರ ತೆಗೆಯತಕ್ಕದ್ದು."